ಮೂರನೇ ನಂಬರಿನ ಪೆಟ್ರೋಲು

ಬೇ ಏರಿಯಾದಲ್ಲಿ ದೋಣಿಯ ಮೋಟರಿಗೆ ಚಳಿಗಾಲದ ಆರೈಕೆ ಬೇಕು ಎಂದರೆ ಅರ್ಧ ಜನ ನಗುತ್ತಾರೆ. ಹಿಮ ಬೀಳುವ ಊರೇನಲ್ಲ ಇದು. ಒಳಗಿನ ನೀರು ಹೆಪ್ಪುಗಟ್ಟಿ ಇಂಜಿನ್ನು ಸೀಳಿಹೋಗುವ ಭಯ ಇಲ್ಲಿಲ್ಲ. ಆದರೆ ಮೋಟರು ಕೆಡಲು ಹಿಮವೇ ಬೇಕೆಂದಿಲ್ಲ. ಉಪ್ಪುನೀರು ಸಾಕು, ತಿಂಗಳುಗಟ್ಟಲೆ ನಿಂತ ಪೆಟ್ರೋಲು ಸಾಕು, ಅವೆರಡೂ ಸಾಲದೆ ಹೋದರೆ ನನ್ನಂಥ ಜಾಣೆ ಒಬ್ಬಳು ಸಾಕು.

ರೆಡ್‌ವುಡ್ ಸಿಟಿಯ ಕಡೆ, ಕೊಲ್ಲಿಯಿಂದ ಒಳಬರುವ ಒಂದು ಕವಲಿನ ದಡದಲ್ಲಿರುವ ರೋಯಿಂಗ್ ಕ್ಲಬ್ಬಿನಲ್ಲಿ ಸಾಮಾನು ಸರಂಜಾಮಿನ ಉಸ್ತುವಾರಿ ನನ್ನದು. ಹುಟ್ಟು ಹಾಕುವವರ ಉದ್ದನೆಯ ದೋಣಿಗಳಿಗೆ ಮೋಟರು ಇರುವುದಿಲ್ಲ. ಅವುಗಳ ಪಕ್ಕದಲ್ಲೇ ಕೋಚ್ ಕೂತು ಹೋಗುವ ಚಿಕ್ಕ ಲಾಂಚುಗಳಿಗೆ ಇರುತ್ತದೆ. ಹಿಂದಿನ ಹಲಗೆಗೆ ಕಚ್ಚಿಸಿದ ಇಪ್ಪತ್ತು ಕುದುರೆಶಕ್ತಿಯ ಔಟ್‌ಬೋರ್ಡ್ ಮೋಟರು, ಕಾಲ ಬಳಿ ಕೆಂಪು ಪ್ಲಾಸ್ಟಿಕ್ಕಿನ ಪೆಟ್ರೋಲ್ ಟ್ಯಾಂಕು. ದೋಣಿ ಮಗುಚಿ ಯಾರಾದರೂ ನೀರಿಗೆ ಬಿದ್ದರೆ ಎತ್ತಿಕೊಳ್ಳಬೇಕಾದ್ದು ಆ ಲಾಂಚೇ. ಅದಕ್ಕೇ ಅದರ ಮೋಟರು ಕೈಕೊಡಬಾರದು. ಅಂಥ ಲಾಂಚುಗಳು ನಮ್ಮಲ್ಲಿ ನಾಲ್ಕು, ಬದಿಯಲ್ಲಿ ನಂಬರು ಬರೆದಿರುತ್ತದೆ.

ಮೋಟರುಗಳ ಕೈಕೆಲಸವೆಲ್ಲ ಮೇಸ್ತ್ರಿಯದು. ಕಲಾಸಿಪಾಳ್ಯದ ಗ್ಯಾರೇಜುಗಳಲ್ಲಿ ಪಳಗಿದವರು, ಈಗ ಫ್ರೀಮಾಂಟಿನಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ವಯಸ್ಸು ಅರವತ್ತೇಳು. ಬುಧವಾರ, ಶುಕ್ರವಾರ ಕ್ಲಬ್ಬಿಗೆ ಬರುತ್ತಿದ್ದರು. ನಾನು ಫೋನಿನಲ್ಲಿ ಯಾರನ್ನೋ ಕನ್ನಡದಲ್ಲಿ ಬೈಯುತ್ತಿದ್ದುದು ಮೊದಲ ದಿನವೇ ಅವರ ಕಿವಿಗೆ ಬಿದ್ದು, “ಬೆಂಗ್ಳೂರಾ ಅಮ್ಮಾ?” ಎಂದು ಕೇಳಿದ್ದರು. ಮೈಸೂರು ಎಂದೆ. “ಪರವಾಗಿಲ್ಲ ಬಿಡಿ” ಎಂದರು. ಅಮ್ಮಾ ಎನ್ನುತ್ತಿದ್ದವರು ಎರಡನೇ ವರ್ಷಕ್ಕೆ ತಂಗಿ ಎನ್ನತೊಡಗಿದರು. ನಾನು ಅವರನ್ನು ಭಾಯ್ ಎಂದು ಕರೆಯುತ್ತಿದ್ದೆ. ನನ್ನ ಡಬ್ಬಿಯ ಚಿತ್ರಾನ್ನದಲ್ಲಿ ಅವರಿಗೆ ಪಾಲು, ಅವರ ಫ್ಲಾಸ್ಕಿನ ಟೀಯಲ್ಲಿ ನನಗೆ ಪಾಲು. ಪರದೇಶದಲ್ಲಿ, ಅದೂ ಗ್ರೀಸಿನ ವಾಸನೆಯ ಶೆಡ್ಡಿನಲ್ಲಿ, ಇಷ್ಟು ಸಿಕ್ಕರೆ ಪುಣ್ಯ ಎಂದು ನನಗೆ ಆಗಾಗ ಅನಿಸುತ್ತಿತ್ತು.

ಯಾವ ಮೋಟರಿಗೆ ಏನು ಮಾಡಿದೆವು ಎಂದು ನಮೂದಿಸುವ ಹಾಳೆಯೊಂದು ಶೆಡ್ಡಿನ ಗೋಡೆಗೆ ತೂಗಿಹಾಕಿರುತ್ತದೆ. ಎಲ್ಲ ಇಂಗ್ಲಿಷು. ಮೇಸ್ತ್ರಿಗೆ ಕನ್ನಡ ನೀರು ಕುಡಿದಷ್ಟು ಸಲೀಸು, ಇಂಗ್ಲಿಷನ್ನು ಮಾತ್ರ ಅಕ್ಷರ ಅಕ್ಷರ ಕೂಡಿಸಿ ಓದಬೇಕು. “ನೀವೇ ತುಂಬ್ಸಿ ತಂಗಿ, ನಾನು ಕೆಳಗಡೆ ಗೀಚ್ತೀನಿ” ಎನ್ನುತ್ತಿದ್ದರು. ಬ್ಯಾಂಕಿನಲ್ಲೂ ಪೋಸ್ಟಾಫೀಸಿನಲ್ಲೂ ಪಕ್ಕದಲ್ಲಿ ನಿಂತವರ ಚಲನ್ನು ಬರೆದುಕೊಡುತ್ತಲೇ ಬೆಳೆದವಳು ನಾನು. ‘ಸ್ವಲ್ಪ ಬರೆದುಕೊಡಮ್ಮ’ ಎಂದರೆ ಆಗುವುದಿಲ್ಲ ಎಂದು ಹೇಳುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇಲ್ಲ. ನಾನು ಟಿಕ್ ಹಾಕುವುದು, ಅವರು ಓದದೆ ಸೈನು ಹಾಕುವುದು, ನಾಲ್ಕು ವರ್ಷ ಹೀಗೇ ನಡೆಯಿತು. ಇದರಲ್ಲಿ ತಪ್ಪೇನಾದರೂ ಇದೆಯೆಂದು ಇಬ್ಬರಿಗೂ ಹೊಳೆದಿರಲಿಲ್ಲ.

ಆ ವರ್ಷ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಒಂದು ವಾರ ಮುಂಚೆ ಕ್ಲಬ್ಬು ಮುಚ್ಚಿತು. ಮತ್ತೆ ತೆರೆಯುವುದು ಫೆಬ್ರವರಿಗೆ. ಬುಧವಾರ ನಾವಿಬ್ಬರೂ ಮೋಟರುಗಳನ್ನು ಸ್ಟ್ಯಾಂಡಿಗೆ ಏರಿಸಿದೆವು. ಮೊದಲ ಕೆಲಸ ಉಪ್ಪು ತೊಳೆಯುವುದು. ಮೋಟರಿನ ಕಾಲಿನಲ್ಲಿ ನೀರು ಎಳೆದುಕೊಳ್ಳುವ ಕಿಂಡಿಗಳಿಗೆ ಎರಡು ಕಡೆಯಿಂದ ರಬ್ಬರಿನ ಬಟ್ಟಲು ಒತ್ತಿ, ಅದಕ್ಕೆ ನಲ್ಲಿಯ ಪೈಪು ಸಿಕ್ಕಿಸಿ, ಇಂಜಿನ್ನನ್ನು ನಿಧಾನ ವೇಗದಲ್ಲಿ ಓಡಿಸಬೇಕು. ಪಕ್ಕದ ಸಣ್ಣ ತೂತಿನಿಂದ ನೀರಿನ ಧಾರೆ ಸಣ್ಣಗೆ, ನೇರವಾಗಿ ಚಿಮ್ಮುತ್ತಿರಬೇಕು. ಅದು ನಿಂತರೆ ಒಳಗೆ ಉಪ್ಪು ಕಟ್ಟಿದೆ ಎಂದರ್ಥ. ಮೇಸ್ತ್ರಿ ಆ ನೀರನ್ನು ಬೆರಳಿಗೆ ಹಚ್ಚಿ ನಾಲಿಗೆಗೆ ಮುಟ್ಟಿಸಿ, ಉಪ್ಪು ಹೋಗುವ ತನಕ ನಿಲ್ಲಿಸಲು ಬಿಡುತ್ತಿರಲಿಲ್ಲ. ಗಡಿಯಾರ ಹಿಡಿದು ನಿಂತ ನನಗೆ ಅದು ನೋಡಲು ಅಸಹ್ಯ. ಆದರೆ ಅವರ ನಾಲಿಗೆ ಒಮ್ಮೆಯೂ ತಪ್ಪಿದ್ದಿಲ್ಲ.

ಆಮೇಲೆ ಗೇರಿನ ಎಣ್ಣೆ. ಕೆಳಗಿನ ಸ್ಕ್ರೂ ಬಿಚ್ಚಿದರೆ ಕಪ್ಪಗೆ ಇಳಿಯಬೇಕು. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದರೆ ಸೀಲು ಹೋಗಿ ನೀರು ಹೊಕ್ಕಿದೆ. ನಾಲ್ಕೂ ಕಪ್ಪಗೇ ಇದ್ದವು. ಸ್ಪಾರ್ಕ್ ಪ್ಲಗ್ಗು ತೆಗೆದು ಸಿಲಿಂಡರಿನೊಳಗೆ ಎಣ್ಣೆಯ ಮಂಜು ಹೊಡೆದು, ಹಗ್ಗವನ್ನು ಕೈಯಲ್ಲಿ ಎರಡು ಸಲ ಎಳೆದು ಒಳಗೋಡೆಗೆಲ್ಲ ಸವರಿದ್ದಾಯಿತು. ಶುಕ್ರವಾರ ಬೆಳಿಗ್ಗೆ ಮೇಸ್ತ್ರಿ ಒಂದೊಂದೇ ಕಾರ್ಬುರೇಟರಿನ ಬುಡದ ಸ್ಕ್ರೂ ಸಡಿಲಿಸಿ, ಅದರ ಬಟ್ಟಲಿನಲ್ಲಿ ಉಳಿದ ಪೆಟ್ರೋಲನ್ನೂ ಹನಿ ಬಿಡದೆ ಇಳಿಸಿದರು. ಉಳಿದದ್ದು ಟ್ಯಾಂಕುಗಳ ಪೆಟ್ರೋಲು ಮಾತ್ರ. ಅಷ್ಟರಲ್ಲಿ ಅವರಿಗೆ ಜುಮ್ಮಾ ನಮಾಜಿನ ಹೊತ್ತಾಯಿತು.

ಕೈ ಒರೆಸಿಕೊಳ್ಳುತ್ತಾ ಹೇಳಿದರು: “ಟ್ಯಾಂಕಲ್ಲಿರೋದೆಲ್ಲಾ ಡಿಸ್ಪೋಸಲ್‌ಗೆ ಕೊಟ್ಬಿಡಿ ತಂಗಿ. ಇಲ್ಲಿ ಪೆಟ್ರೋಲಲ್ಲಿ ಸ್ಪಿರಿಟ್ ಬೆರ್ಸಿರ್ತಾರೆ, ಅದು ಗಾಳಿಲಿರೋ ನೀರನ್ನ ಎಳ್ಕೊಳುತ್ತೆ. ಫೆಬ್ರವರಿಗೆ ಹೊಸದು ತರೋಣ. ಇದನ್ನ ಇಟ್ಕೋಬೇಡಿ.”

“ಆಯ್ತು ಭಾಯ್, ನೀವು ಹೊರಡಿ” ಎಂದೆ.

ನಾಲ್ಕು ಟ್ಯಾಂಕುಗಳಲ್ಲಿ ಕೂಡಿ ಸುಮಾರು ಐವತ್ತು ಲೀಟರು ಇತ್ತು. ಕೌಂಟಿಯ ಅಪಾಯಕಾರಿ ತ್ಯಾಜ್ಯದ ಕೇಂದ್ರಕ್ಕೆ ಮೊದಲೇ ಸಮಯ ಗೊತ್ತುಮಾಡಿಕೊಂಡು ಒಯ್ಯಬೇಕು. ಒಂದೇ ಸಲಕ್ಕೆ ಅಷ್ಟನ್ನು ತೆಗೆದುಕೊಳ್ಳುವುದಿಲ್ಲ, ಎರಡು ಮೂರು ಸಲ ಓಡಾಡಬೇಕು. ಅದು ನೆಪ. ನಿಜ ಹೇಳಬೇಕೆಂದರೆ ಐವತ್ತು ಲೀಟರು ಪೆಟ್ರೋಲು ಚೆಲ್ಲಲು ನನಗೆ ಕೈ ಬರಲಿಲ್ಲ. ನಮ್ಮ ಮನೆಯ ಫ್ರಿಜ್ಜಿನಲ್ಲಿ ಐಸ್‌ಕ್ರೀಮಿನ ಡಬ್ಬಿ ತೆರೆದರೆ ದೋಸೆಹಿಟ್ಟು ಇರುತ್ತದೆ, ಮೊಸರಿನ ಡಬ್ಬಿ ತೆರೆದರೆ ನಿನ್ನೆಯ ಹುಳಿ. ಮಗಳ ಸ್ನೇಹಿತೆಯರು ಬಂದು ಎಷ್ಟೋ ಸಲ ಮೋಸಹೋಗಿದ್ದಾರೆ. ಚೆಲ್ಲುವುದು ಎಂದರೆ ನನಗೆ ಮೈಯಲ್ಲಿ ಎಲ್ಲೋ ನೋಯುತ್ತದೆ.

ಮೂರನೇ ನಂಬರಿನ ಟ್ಯಾಂಕಿನ ವಿಷಯ ಬೇರೆಯೇ. ಅದರ ಮುಚ್ಚಳದ ಮೇಲೆ ಗಾಳಿಯಾಡಲು ಒಂದು ಸಣ್ಣ ತಿರುಪಿದೆ, ಕೆಲಸ ಮುಗಿದ ಮೇಲೆ ಅದನ್ನು ಬಿಗಿ ಮಾಡಬೇಕು. ನವೆಂಬರಿನ ಮೊದಲ ಜೋರು ಮಳೆಗೆ ಆ ಟ್ಯಾಂಕು ಎರಡು ದಿನ ಸೂರಿನಂಚಿನಲ್ಲಿ ತಿರುಪು ಬಿಚ್ಚಿಕೊಂಡೇ ಕೂತಿತ್ತು. ಅಲ್ಲಿ ಇಟ್ಟವಳು ನಾನೇ. ಕಂಡ ಕೂಡಲೇ ತಿರುಪು ಬಿಗಿದು ಒಳಗೆ ತಂದಿದ್ದೆ. ಮೇಸ್ತ್ರಿಗೆ ಹೇಳಿರಲಿಲ್ಲ, ಹೇಳುವಷ್ಟು ದೊಡ್ಡದು ಅನಿಸಿರಲಿಲ್ಲ.

ಆ ಮಧ್ಯಾಹ್ನ ನಾನು ಮಾಡಿದ್ದು ಇಷ್ಟು. ಮನೆಯಿಂದ ತಂದ ಹಳೆಯ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಆಲಿಕೆಯೊಳಗೆ ಹಾಸಿ, ನಾಲ್ಕೂ ಟ್ಯಾಂಕಿನ ಪೆಟ್ರೋಲನ್ನು ಸೋಸಿ ಮೂರು ಕೆಂಪು ಕ್ಯಾನುಗಳಿಗೆ ತುಂಬಿದೆ. ಪಂಚೆಯ ಮೇಲೆ ಒಂದಿಷ್ಟು ಕಸ, ತುಕ್ಕಿನ ಪುಡಿ ನಿಂತಿತು. ನೋಡಿ ಸಮಾಧಾನವಾಯಿತು. ಪೆಟ್ರೋಲು ಹಳಸದಂತೆ ಹಾಕುವ ದ್ರವವನ್ನು ಅಳೆದು ಸುರಿದೆ. ಉರಿಯುವ ಸಾಮಾನಿನ ಕಬ್ಬಿಣದ ಬೀರುವಿನಲ್ಲಿ ಕ್ಯಾನುಗಳನ್ನು ಇಟ್ಟು ಬೀಗ ಹಾಕಿದೆ. ಮುಂದಿನ ವಾರ ನನ್ನ ಹಳೆಯ ಕಾರಿಗೆ ಸ್ವಲ್ಪ ಸ್ವಲ್ಪವೇ ಹಾಕಿಕೊಂಡು ಮುಗಿಸಿದರಾಯಿತು ಎಂದುಕೊಂಡೆ. ಬಟ್ಟೆ ಕಸವನ್ನು ಹಿಡಿಯುತ್ತದೆ, ನೀರನ್ನು ಹಿಡಿಯುವುದಿಲ್ಲ ಎನ್ನುವುದು ತುಪ್ಪ ಸೋಸುವ ಯಾವ ಹೆಂಗಸಿಗೂ ಗೊತ್ತು. ನನಗೂ ಗೊತ್ತಿತ್ತು.

ಮೂರು ಗಂಟೆಗೆ ಮೇಸ್ತ್ರಿ ಮರಳಿ ಬಂದರು. ಹಾಳೆಯಲ್ಲಿ ‘ಟ್ಯಾಂಕು ಖಾಲಿ ಮಾಡಿದೆ, ಹಳೆಯ ಪೆಟ್ರೋಲು ವಿಲೇವಾರಿಯಾಗಿದೆ’ ಎಂಬ ಸಾಲಿನ ಮುಂದೆ ನಾನು ಆಗಲೇ ಟಿಕ್ ಹಾಕಿದ್ದೆ. ಟ್ಯಾಂಕು ಖಾಲಿಯಾಗಿತ್ತಲ್ಲ. ಉಳಿದರ್ಧ ಮುಂದಿನ ವಾರ ಆಗುತ್ತದೆ.

“ಎಲ್ಲಾ ಆಯ್ತಾ ತಂಗಿ?”

“ಆಯ್ತು.”

ಅವರು ಗೀಚಿದರು. ಟೀ ಬಗ್ಗಿಸಿಕೊಟ್ಟರು. ಆ ವರ್ಷದ ಕೆಲಸ ಮುಗಿಯಿತು.

ಮುಂದಿನ ವಾರ ಮಳೆ ಹಿಡಿಯಿತು, ಡಿಸೆಂಬರಿನಲ್ಲಿ ಮಗಳ ಕಾಲೇಜು ಅರ್ಜಿಗಳ ಗಲಾಟೆ, ಜನವರಿ ಹೇಗೆ ಹೋಯಿತೋ ಗೊತ್ತಿಲ್ಲ. ಕ್ಯಾನುಗಳು ಬೀರುವಿನಲ್ಲೇ ಉಳಿದವು.

ಫೆಬ್ರವರಿಯಲ್ಲಿ ಕ್ಲಬ್ಬು ತೆರೆಯುವ ಹಿಂದಿನ ದಿನ ಮೇಸ್ತ್ರಿ ಬಂದು ನಾಲ್ಕೂ ಮೋಟರು ಚಾಲೂ ಮಾಡಿ ನೋಡಿದರು. ಪರೀಕ್ಷೆಗೆಂದು ಅವರದೇ ಒಂದು ಚಿಕ್ಕ ಡಬ್ಬಿ ಇದೆ, ಬರುವ ದಾರಿಯಲ್ಲಿ ಬಂಕಿನಿಂದ ಹೊಸ ಪೆಟ್ರೋಲು ಹಾಕಿಸಿಕೊಂಡು ತರುತ್ತಾರೆ. ನಾಲ್ಕೂ ಮೊದಲ ಎಳೆತಕ್ಕೇ ಎದ್ದವು. “ಮಕ್ಳ ಥರ ನಿದ್ದೆ ಮಾಡಿ ಎದ್ದಿದಾವೆ” ಎಂದು ಅವುಗಳ ತಲೆ ಸವರಿ ಮನೆಗೆ ಹೋದರು. ಟ್ಯಾಂಕು ತುಂಬಿಸುವುದು ನನ್ನ ಪಾಲಿಗಿತ್ತು. ಬೀರು ತೆರೆದರೆ ಕ್ಯಾನುಗಳು. ಮುಚ್ಚಳ ತೆಗೆದು ಮೂಸಿದೆ, ಪೆಟ್ರೋಲಿನ ವಾಸನೆಯೇ ಇತ್ತು. ಅರ್ಧ ಹಳೆಯದು, ಅರ್ಧ ಬಂಕಿನಿಂದ ತಂದ ಹೊಸದು, ಏನಾಗುತ್ತದೆ ಎಂದುಕೊಂಡು ನಾಲ್ಕೂ ಟ್ಯಾಂಕಿಗೆ ಹಂಚಿದೆ. ಒಂದು ಟ್ಯಾಂಕಿನ ರೋಗವನ್ನು ನಾಲ್ಕಕ್ಕೂ ಅಂಟಿಸಿದೆ. ಕೊನೆಯ ಕ್ಯಾನಿನಲ್ಲಿ ಸ್ವಲ್ಪ ಉಳಿಯಿತು, ಅದನ್ನು ಬೀರುವಿನಲ್ಲೇ ಇಟ್ಟೆ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಮೊದಲ ತಂಡ ನೀರಿಗಿಳಿಯಿತು. ಎಂಟು ಜನ ಹೊಸಬರು, ಎಲ್ಲ ಐವತ್ತು ದಾಟಿದ ಹೆಂಗಸರು, ಹಿಂದೆ ಚುಕ್ಕಾಣಿಗೆ ಒಬ್ಬಳು. ಮುಖ್ಯ ಕೋಚ್ ಎರಡನೇ ನಂಬರಿನ ಲಾಂಚಿನಲ್ಲಿ ಅವರ ಜೊತೆಗಿದ್ದಳು. ನೀರು ಕೊಲ್ಲಿಯ ಕಡೆಗೆ ಇಳಿಯುತ್ತಿದ್ದ ಹೊತ್ತು, ಸೆಳೆತ ಜೋರಿತ್ತು. ನಾನು ಕಟ್ಟೆಯ ಮೇಲೆ ರೇಡಿಯೋ ಹಿಡಿದು ನಿಂತಿದ್ದೆ. ಹತ್ತು ನಿಮಿಷ ಎಲ್ಲ ಸರಿಯಿತ್ತು. ಆಮೇಲೆ ಕೋಚ್ ದನಿ ಬಂತು: ಮೋಟರು ನಿಂತಿದೆ, ಎಳೆದರೂ ಏಳುತ್ತಿಲ್ಲ, ಒಂದನೇ ನಂಬರನ್ನು ಕಳಿಸಿ.

ಒಂದನೇ ನಂಬರನ್ನು ಇನ್ನೊಬ್ಬ ಕೋಚ್ ತೆಗೆದುಕೊಂಡು ಹೋದ. ತಿರುವು ದಾಟುವ ಮೊದಲೇ ಅದೂ ಕೆಮ್ಮಿ ಕೆಮ್ಮಿ ಸತ್ತಿತು. ಎರಡು ಮೋಟರು ಒಂದೇ ದಿನ, ಒಂದೇ ರೀತಿ ನಿಲ್ಲುವುದಿಲ್ಲ. ಅವೆರಡಕ್ಕೂ ಸಮಾನವಾದದ್ದು ಏನೆಂದು ಆ ಕ್ಷಣಕ್ಕೇ ನನಗೆ ಗೊತ್ತಾಯಿತು.

ಕೋಚ್ ಇಲ್ಲದ ದೋಣಿಯಲ್ಲಿ ಹೊಸಬರಿಗೆ ಗಾಬರಿಯಾಯಿತು. ಸೆಳೆತ ಅವರನ್ನು ಅಡ್ಡಡ್ಡ ತಿರುಗಿಸಿ ಹಳೆಯ ಕಂಬಗಳ ಸಾಲಿಗೆ ಒಯ್ದು ಹೊಡೆಯಿತು. ದೋಣಿ ಮಗುಚಿತು. ಒಂಬತ್ತು ಜನರೂ ನೀರಿನಲ್ಲಿ. ಫೆಬ್ರವರಿಯ ಆ ನೀರಿನಲ್ಲಿ ಹತ್ತು ನಿಮಿಷಕ್ಕೆ ಬೆರಳು ಮಡಚುವುದಿಲ್ಲ. ಪಕ್ಕದ ಕಟ್ಟೆಯ ಹಾಯಿದೋಣಿಯವರು ತಮ್ಮ ರಬ್ಬರ್ ದೋಣಿ ತಂದು ಒಬ್ಬೊಬ್ಬರನ್ನಾಗಿ ಎಳೆದುಕೊಂಡರು. ಕೊನೆಗೆ ಸಿಕ್ಕಿದವರು ಒಬ್ಬ ನಿವೃತ್ತ ಶಾಲಾ ಶಿಕ್ಷಕಿ. ನಾನು ಅವರಿಗೆ ಕಂಬಳಿ ಸುತ್ತಿ ಎದೆಗೆ ಒತ್ತಿಕೊಂಡು ಕೂತೆ. ಹೆಸರು ಕೇಳಿದರೆ ಹೇಳಲು ಆಗಲಿಲ್ಲ, ಹಲ್ಲು ಕಟಕಟ ಎನ್ನುತ್ತಿತ್ತು, ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ಹಲ್ಲು ಕಡಿಯುವುದು ನಿಂತದ್ದು ನನಗೆ ಇನ್ನೂ ಹೆದರಿಕೆ ಹುಟ್ಟಿಸಿತು. ಆಂಬುಲೆನ್ಸು ಬಂತು. ಎರಡು ದಿನ ಆಸ್ಪತ್ರೆಯಲ್ಲಿದ್ದು ಅವರು ಉಳಿದುಕೊಂಡರು.

ಸೋಮವಾರ ಮೇಸ್ತ್ರಿಯನ್ನು ಕರೆಸಿದೆವು. ಅವರು ಬಂದವರೇ ಎರಡನೇ ನಂಬರಿನ ಕವಚ ತೆಗೆದು, “ಒಂದು ಗಾಜಿನ ಬಾಟ್ಲಿ ಕೊಡಿ” ಎಂದರು. ನನ್ನ ಬ್ಯಾಗಿನಲ್ಲಿ ತೊಳೆದಿಟ್ಟ ಉಪ್ಪಿನಕಾಯಿ ಬಾಟಲಿ ಇತ್ತು, ಕೊಟ್ಟೆ. ಕಾರ್ಬುರೇಟರಿನ ಬುಡದ ಸ್ಕ್ರೂ ಸಡಿಲಿಸಿ ಅದರೊಳಗೆ ಹಿಡಿದರು. ಬೆಳಕಿಗೆ ಎತ್ತಿದಾಗ ಮೇಲೆ ತೆಳು ಹಳದಿ, ಕೆಳಗೆ ಬಣ್ಣವಿಲ್ಲದ ಇನ್ನೊಂದು ಪದರ. ನಡುವೆ ಗೆರೆ ಎಳೆದ ಹಾಗೆ. ಮೇಸ್ತ್ರಿ ಮೂಸಿದರು. ಬಾಟಲಿಯನ್ನು ಬೆಂಚಿನ ಮೇಲಿಟ್ಟು ನನ್ನ ಕಡೆ ತಿರುಗಿದರು.

“ಹಳೇದು ಡಿಸ್ಪೋಸ್ ಮಾಡಿದ್ರಲ್ಲ ತಂಗಿ?”

ಕೋಚ್ ಶೆಡ್ಡಿನ ಬಾಗಿಲಲ್ಲೇ ನಿಂತಿದ್ದಳು. ಅವಳಿಗೆ ಕನ್ನಡ ಬಾರದು. ಕೇಳಿದವರನ್ನು ಬಿಟ್ಟರೆ ಆ ಪ್ರಶ್ನೆ ಅರ್ಥವಾದದ್ದು ನನಗೊಬ್ಬಳಿಗೆ.

“ಹೂಂ” ಎಂದೆ.

ಅವರು ತಲೆಯಾಡಿಸಿದರು. ಮತ್ತೆ ಕೇಳಲಿಲ್ಲ.

ಕೋಚ್ ಹಾಳೆ ಹಿಡಿದು ಒಳಗೆ ಬಂದಳು. ಪ್ರತಿ ಸಾಲಿನ ಮುಂದೆ ಟಿಕ್ಕು, ಕೆಳಗೆ ಮೇಸ್ತ್ರಿಯ ಸೈನು. ಪೆಟ್ರೋಲು ಹೊಸದು ಎಂದು ಹಾಳೆ ಹೇಳುತ್ತಿದ್ದರೆ ನೀರು ಬಂದದ್ದು ಇಂಜಿನ್ನಿನಿಂದಲೇ ಇರಬೇಕು, ತೊಳೆಯುವಾಗ ಒಳಗೆ ಬಿಟ್ಟಿರಬೇಕು ಎಂಬುದು ಅವಳ ಲೆಕ್ಕ. ತೊಳೆಯುವ ನೀರು ಕಾರ್ಬುರೇಟರಿಗೆ ಹೋಗುವ ದಾರಿಯೇ ಇಲ್ಲ ಎಂದು ಮೇಸ್ತ್ರಿ ತಮ್ಮ ಒಡಕು ಇಂಗ್ಲಿಷಿನಲ್ಲಿ ಹೇಳಿದರು. ಅವಳು ಒರಟಾಗಿ ಮಾತಾಡಲಿಲ್ಲ. ಇಷ್ಟು ದಿನದ ಕೆಲಸಕ್ಕೆ ಋಣಿಯಾಗಿದ್ದೇವೆ, ಆದರೆ ಒಂಬತ್ತು ಜನರ ಜೀವದ ಪ್ರಶ್ನೆ, ಇನ್ನು ಮೇಲೆ ಡೀಲರ್ ಕಡೆಯ ಮೆಕ್ಯಾನಿಕ್ಕನ್ನು ಕರೆಸುತ್ತೇವೆ ಎಂದಳು. ಮೇಸ್ತ್ರಿ ನನ್ನನ್ನು ನೋಡಲಿಲ್ಲ. ತಮ್ಮ ಸ್ಪ್ಯಾನರುಗಳನ್ನು ಒರೆಸಿ, ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ, ಚೀಲಕ್ಕೆ ಹಾಕಿಕೊಂಡು ಹೋದರು. ಬಾಟಲಿ ಬೆಂಚಿನ ಮೇಲೇ ಇತ್ತು.

ನಾನು ಬಾಯಿ ಬಿಡಲಿಲ್ಲ. ಯಾಕೆ ಎಂದು ಬಹಳ ಜನ ಕೇಳಿದ್ದಾರೆ. ಹೆದರಿದೆ, ಅಷ್ಟೆ. ಹಿಂದಿನ ಕಂಪನಿ ಲೇಆಫ್ ಮಾಡಿದ ಮೇಲೆ ಹದಿನಾಲ್ಕು ತಿಂಗಳು ಮನೆಯಲ್ಲಿ ಕೂತವಳು ನಾನು. ನನ್ನದೊಂದು ಶೆಡ್ಡು, ನನ್ನದೊಂದು ಬೀಗದಕೈ ಎಂದು ಸಿಕ್ಕಿದ್ದೇ ಈ ಕೆಲಸದಲ್ಲಿ. ಅದನ್ನು ಉಳಿಸಿಕೊಳ್ಳಲು ಒಬ್ಬ ಮುದುಕರ ಮರ್ಯಾದೆ ತೆಗೆಯಬಹುದು ಎಂದು ಯಾರಾದರೂ ಮೊದಲೇ ಕೇಳಿದ್ದರೆ ಛೀ ಎನ್ನುತ್ತಿದ್ದೆ. ಯಾರೂ ಹಾಗೆ ಕೇಳುವುದಿಲ್ಲ. ‘ಡಿಸ್ಪೋಸ್ ಮಾಡಿದ್ರಲ್ಲ’ ಎಂದು ಮೆಲ್ಲಗೆ ಕೇಳುತ್ತಾರೆ, ಹೂಂ ಎಂಬುದು ನಾಲಿಗೆಯ ತುದಿಯಲ್ಲೇ ಇರುತ್ತದೆ.

ಮೂರು ದಿನ ಊಟ ಸೇರಲಿಲ್ಲ. ಬುಧವಾರ ಸಂಜೆ ಮಗಳು ತಟ್ಟೆ ನೋಡಿ ಏನಾಯಿತೆಂದು ಪಟ್ಟು ಹಿಡಿದು ಕೇಳಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಕೊಡುವುದು ಇಂಗ್ಲಿಷಿನಲ್ಲಿ. ಹೇಳಿದೆ. ಟ್ಯಾಂಕಿನಿಂದ ಹಿಡಿದು ಪಂಚೆಯ ತನಕ ಎಲ್ಲ ಹೇಳಿ, ಮೇಸ್ತ್ರಿ ಕೆಲಸ ಕಳೆದುಕೊಂಡರು ಪಾಪ ಎಂದು ಮುಗಿಸಿದೆ.

“ಬಟ್ ಅಮ್ಮಾ, ಯು ಟೋಲ್ಡ್ ದೆಮ್ ಇಟ್ ವಾಸ್ ಯು, ರೈಟ್?” ಎಂದಳು.

ಹೇಳಿಲ್ಲದೆ ಇರಬಹುದು ಎಂಬ ಅನುಮಾನವೇ ಅವಳ ಮುಖದಲ್ಲಿರಲಿಲ್ಲ. ಅದನ್ನು ನೋಡಲಾರದೆ ನಾನು ತಟ್ಟೆ ಎತ್ತಿಕೊಂಡು ಸಿಂಕಿನ ಬಳಿ ಹೋದೆ. ನಲ್ಲಿ ಬಿಟ್ಟುಕೊಂಡು, ಅವಳಿಗೆ ಬೆನ್ನು ಮಾಡಿ, “ನಾಳೆ ಹೇಳ್ತೀನಿ” ಎಂದೆ.

ಗುರುವಾರ ಬೆಳಿಗ್ಗೆ ಅಡುಗೆಮನೆಯಿಂದ ಕೇಸರಿಬಾತಿಗೆ ಹಾಕುವ ಬಣ್ಣದ ಪುಡಿ ಪೊಟ್ಟಣದಲ್ಲಿ ಕಟ್ಟಿಕೊಂಡು ಹೊರಟೆ. ನಾನು ಹೇಳುವುದನ್ನು ಬರೀ ಪಶ್ಚಾತ್ತಾಪದ ಮಾತು ಎಂದು ಕೋಚ್ ಪಕ್ಕಕ್ಕಿಡಬಾರದು, ಮೇಸ್ತ್ರಿಯ ಕೈಯಲ್ಲಿ ತಪ್ಪಿರಲಿಲ್ಲ ಎಂಬುದು ಅವಳ ಕಣ್ಣಿಗೇ ಕಾಣಬೇಕು ಎಂಬುದು ನನ್ನ ಹಟ. ಶೆಡ್ಡಿನ ಹೊರಗೆ, ಗಾಳಿಯಾಡುವ ಕಡೆ, ಮೂರು ಗಾಜಿನ ಬಾಟಲಿ ಸಾಲಾಗಿಟ್ಟೆ. ಒಂದಕ್ಕೆ ಆಗಷ್ಟೇ ಬಂಕಿನಿಂದ ತಂದ ಪೆಟ್ರೋಲು. ಎರಡನೆಯದಕ್ಕೆ ಬೀರುವಿನ ಕ್ಯಾನಿನ ತಳದಲ್ಲಿ ಉಳಿದದ್ದು. ಮೂರನೆಯದು ಮೇಸ್ತ್ರಿ ಬಿಟ್ಟುಹೋದ ಉಪ್ಪಿನಕಾಯಿ ಬಾಟಲಿ. ಕೋಚನ್ನು ಕರೆದು ನಿಲ್ಲಿಸಿ ಮೂರಕ್ಕೂ ಚಿಟಿಕೆ ಬಣ್ಣ ಹಾಕಿದೆ. ಆ ಬಣ್ಣ ನೀರಿನಲ್ಲಿ ಕರಗುತ್ತದೆ, ಪೆಟ್ರೋಲಿನಲ್ಲಿ ಕರಗುವುದಿಲ್ಲ. ಹೊಸ ಪೆಟ್ರೋಲಿನಲ್ಲಿ ಪುಡಿ ಹಾಗೆಯೇ ತಳಕ್ಕೆ ಇಳಿದು ಕೂತಿತು. ಉಳಿದೆರಡರಲ್ಲೂ ಕೆಳಗಿನ ಪದರ ನೋಡುತ್ತಿದ್ದ ಹಾಗೆ ಕೇಸರಿಯಾಯಿತು.

“ಇದು ಇಂಜಿನ್ನಿಗೆ ಹೋಗುವ ಮೊದಲಿನ ಪೆಟ್ರೋಲು” ಎಂದು ನಡುವಿನ ಬಾಟಲಿ ತೋರಿಸಿದೆ. “ಚೆಲ್ಲು ಎಂದು ಅವರು ಹೇಳಿದ್ದರು. ಇಟ್ಟುಕೊಂಡವಳು ನಾನು. ವಾಪಸ್ಸು ತುಂಬಿಸಿದವಳು ನಾನು.”

ಅವಳು ಹಾಳೆ ತರಿಸಿದಳು. “ಇಲ್ಲಿ ಅವರ ಸೈನಿದೆಯಲ್ಲ?”

“ಸೈನು ಅವರದು. ಟಿಕ್ಕು ನನ್ನದು. ಅವರು ಓದುವುದಿಲ್ಲ, ನನ್ನನ್ನು ನಂಬಿ ಹಾಕುತ್ತಾರೆ.”

ಅವಳು ಹಾಳೆಯನ್ನು ಬಾಟಲಿಗಳ ಪಕ್ಕದಲ್ಲಿಟ್ಟಳು. “ಈ ಹಾಳೆಯನ್ನು ನಂಬಿ ನಾನು ಆ ಹೆಂಗಸರನ್ನು ನೀರಿಗಿಳಿಸಿದೆ” ಎಂದಳು. ದನಿ ಏರಿಸಿದ್ದರೆ ನನಗೆ ಸುಲಭವಾಗುತ್ತಿತ್ತು.

ನನ್ನ ಕೆಲಸ ಹೋಗಲಿಲ್ಲ. ಒಂದು ತಿಂಗಳು ಶೆಡ್ಡಿನ ಬೀಗದಕೈ ಅವಳ ಬಳಿ ಇತ್ತು, ಕೇಳಿ ಪಡೆದುಕೊಂಡು ಸಂಜೆ ವಾಪಸ್ಸು ಕೊಡುತ್ತಿದ್ದೆ. ಕೆಲಸ ಮಾಡಿದವರೇ ತಮ್ಮ ಸಾಲನ್ನು ತಮ್ಮ ಕೈಯಾರೆ, ತಮಗೆ ಬರುವ ಭಾಷೆಯಲ್ಲಿ ಬರೆಯಬೇಕು, ಇನ್ನೊಬ್ಬರು ಕಣ್ಣಾರೆ ನೋಡಿ ಸೈನು ಹಾಕಬೇಕು ಎಂಬ ನಿಯಮ ಬಂತು. ಆಸ್ಪತ್ರೆಗೆ ಹೋಗಿದ್ದ ಶಿಕ್ಷಕಿಗೆ ನಾನೇ ಫೋನ್ ಮಾಡಿ ನಡೆದದ್ದು ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ಹೇಳಿದ್ದು ಒಳ್ಳೆಯದಾಯಿತು ಎಂದರು. ಕ್ಲಬ್ಬಿಗೆ ಮತ್ತೆ ಬರಲಿಲ್ಲ. ಅವರ ನೀರಿನ ಬಾಟಲಿ ಇವತ್ತಿಗೂ ಶೆಡ್ಡಿನ ಗೂಡಿನಲ್ಲಿದೆ.

ಮೇಸ್ತ್ರಿಯನ್ನು ವಾಪಸ್ಸು ಕರೆಯಬೇಕೆಂದು ಕೋಚೇ ಹೇಳಿದಳು, ಕ್ಷಮೆ ಕೇಳಿ ಪತ್ರವನ್ನೂ ಬರೆದುಕೊಟ್ಟಳು. ಅದನ್ನು ಹಿಡಿದು ನಾನು ಭಾನುವಾರ ಬ್ರಿಜ್ಜು ದಾಟಿ ಫ್ರೀಮಾಂಟಿಗೆ ಹೋದೆ. ಅವರು ಅಪಾರ್ಟ್‌ಮೆಂಟಿನ ಹಿಂದಿನ ಪಾರ್ಕಿಂಗಿನಲ್ಲಿ ಯಾರದೋ ಸೈಕಲ್ಲಿನ ಚೈನು ಸರಿಮಾಡುತ್ತಿದ್ದರು. ಸೊಸೆಗೆ ಹೇಳಿ ಟೀ ತರಿಸಿದರು. ನಾನು ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿ, ಆಮೇಲೆ ನನ್ನದನ್ನು ಹೇಳಿದೆ. ಕಣ್ಣಲ್ಲಿ ನೀರು ಬಂತು. ಅವರು ಚೈನಿಗೆ ಎಣ್ಣೆ ಬಿಡುವುದನ್ನು ನಿಲ್ಲಿಸಲಿಲ್ಲ.

“ಪೆಟ್ರೋಲ್ ವಿಷ್ಯ ಬಿಡಿ. ಯಾರ್ ಕೈಲಾದ್ರೂ ಆಗುತ್ತೆ. ನಾನೂ ಎಷ್ಟೋ ಇಂಜಿನ್ ಸುಟ್ಟಿದೀನಿ.”

“ನಿಮಗೆ ಆವತ್ತೇ ಗೊತ್ತಾಗಿತ್ತಾ ಭಾಯ್?”

“ಮೂಸಿದ್ನಲ್ಲ. ಮೂರು ತಿಂಗಳು ನಿಂತಿರೋ ಪೆಟ್ರೋಲು, ಸಾಲ್ದು ಅಂತ ನೀರು ಬೇರೆ. ಹಂಗೇ ಗೊತ್ತಾಯ್ತು.” ಪೆಡಲನ್ನು ಒಂದು ಸುತ್ತು ತಿರುಗಿಸಿದರು. “ಗೊತ್ತಿದ್ದೇ ಕೇಳ್ದೆ. ನೀವು ಹೇಳ್ತೀರ ಅಂದ್ಕೊಂಡೆ.”

“ಮತ್ತೆ ಕೋಚ್ ಮುಂದೆ ಯಾಕೆ ಹೇಳಲಿಲ್ಲ ನೀವು?”

“ನೀವು ಹೂಂ ಅಂದ್ಬಿಟ್ರಲ್ಲ. ನಿಮ್ಮನ್ನ ಸುಳ್ಳಿ ಮಾಡೋಕೆ ನಂಗೆ ಬಾಯಿ ಬರ್ಲಿಲ್ಲ.”

ಟೀ ಮುಗಿಸಿದೆ. ಕೆಲಸಕ್ಕೆ ಬರುತ್ತೀರಾ ಎಂದಾಗ, “ಬರ್ತೀನಿ. ಮೋಟರೇನು ತಪ್ಪು ಮಾಡಿವೆ?” ಎಂದರು.

ಬಂದರು. ಮೊದಲಿನ ಹಾಗೆಯೇ ಬುಧವಾರ, ಶುಕ್ರವಾರ. ನಾಲ್ಕೂ ಟ್ಯಾಂಕು, ಪೈಪುಗಳನ್ನು ಬದಲಾಯಿಸಿದರು; ನೀರು ತಡೆದು ಹಿಡಿಯುವ ಫಿಲ್ಟರನ್ನು ಪ್ರತಿ ಲಾಂಚಿಗೂ ಕೂರಿಸಿದರು. ವರ್ಷವಿಡೀ ಒಂದು ಮೋಟರೂ ನಿಲ್ಲಲಿಲ್ಲ. ಕೆಲಸದಲ್ಲಿ ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಊಟದ ಹೊತ್ತಿಗೆ ಮಾತ್ರ ತಮ್ಮ ಡಬ್ಬಿ ತೆಗೆದುಕೊಂಡು ಕಟ್ಟೆಯ ತುದಿಗೆ ಹೋಗಿ ಕೂರುತ್ತಿದ್ದರು. ನಾನು ಚಿತ್ರಾನ್ನ ಜಾಸ್ತಿ ತರುವುದನ್ನು ನಿಲ್ಲಿಸುವ ಹೊತ್ತಿಗೆ ಬೇಸಿಗೆ ಬಂದಿತ್ತು.

ಮತ್ತೆ ನವೆಂಬರು. ಮೋಟರು ತೊಳೆದೆವು, ಗೇರಿನ ಎಣ್ಣೆ ಇಳಿಸಿದೆವು, ಕಾರ್ಬುರೇಟರು ಒಣಗಿಸಿದೆವು. ಈ ಸಲ ಪೆಟ್ರೋಲಿಗೆ ವಾರದ ಮುಂಚೆಯೇ ಕೌಂಟಿ ಕೇಂದ್ರದಲ್ಲಿ ಸಮಯ ತೆಗೆದುಕೊಂಡಿದ್ದೆ. ಎರಡು ಸಲ ಓಡಾಡಿದೆವು, ಮೇಸ್ತ್ರಿ ಹಿಂದಿನ ಸೀಟಿನಲ್ಲಿ ಕ್ಯಾನುಗಳ ಪಕ್ಕ ಕೂತು ಬಂದರು. ಅಲ್ಲಿನವನು ಕೈಗವಸು ಹಾಕಿಕೊಂಡು ಒಂದೊಂದೇ ಕ್ಯಾನನ್ನು ಎತ್ತಿ ಒಳಗೆ ಒಯ್ಯುವುದನ್ನು ಇಬ್ಬರೂ ನಿಂತು ನೋಡಿದೆವು. ಚೆಲ್ಲುವಾಗ ಏನೂ ನೋಯಲಿಲ್ಲ.

ಶೆಡ್ಡಿಗೆ ಮರಳಿ ಮೇಸ್ತ್ರಿ ಗೋಡೆಯಿಂದ ಹಾಳೆ ಇಳಿಸಿ, ಕನ್ನಡಕ ಹಾಕಿಕೊಂಡು, ಬೆಂಚಿನ ಮೇಲಿಟ್ಟು ಬರೆಯತೊಡಗಿದರು. ಇಂಗ್ಲಿಷಿನ ಸಾಲುಗಳ ಮುಂದೆ ದುಂಡಗಿನ ಕನ್ನಡ ಅಕ್ಷರ, ಕಾಪಿ ಬರೆದಷ್ಟು ಅಚ್ಚುಕಟ್ಟು. ಆ ನಿಯಮ ಬರುವ ಮುಂಚಿನ ನಾಲ್ಕು ವರ್ಷದಲ್ಲಿ ಅವರ ಕೈಬರಹ ನಾನು ನೋಡಿರಲೇ ಇಲ್ಲ. ಪೆಟ್ರೋಲಿನ ಸಾಲಿಗೆ ಬಂದಾಗ ಸ್ವಲ್ಪ ಹೊತ್ತು ತೆಗೆದುಕೊಂಡರು. ‘ನಾಲ್ಕು ಟ್ಯಾಂಕು ಖಾಲಿ. ಎಲ್ಲ ಪೆಟ್ರೋಲು ಕೊಟ್ಟು ಬಂದೆವು. ನಾನು ಜೊತೆಯಲ್ಲಿ ಹೋಗಿ ನೋಡಿದ್ದೇನೆ’ ಎಂದು ಬರೆದು, ಕೆಳಗೆ ತಮ್ಮ ಪೂರ್ತಿ ಹೆಸರು ಬರೆದರು.

ಆಮೇಲೆ ಹಾಳೆಯನ್ನು ನನ್ನ ಕಡೆ ತಿರುಗಿಸಿ, ಪೆನ್ನನ್ನು ಅದರ ಮೇಲೆ ಅಡ್ಡ ಇಟ್ಟರು.

“ಓದ್ಕೊಳಿ ಮೇಡಂ,” ಎಂದರು. “ಸರಿ ಇದ್ರೆ ಸೈನ್ ಹಾಕಿ.”